ಹನ್ನೆರಡನೆಯ ದಶಾಂಶ

ಕವಿತಳ ಹೆಸರೇ ಇಲ್ಲ!

ಬೆಂಗಳೂರಿನ ಕಂಪನಿಯೊಂದು ಹೋದ ವಾರ ಮಾರಾಟಕ್ಕಿಟ್ಟ ತಂತ್ರಾಂಶ ಅವಳದೇ. ಒಂದು ಎಲೆಕ್ಟ್ರಾನ್ ಅಲುಗಿದರೆ ಉಳಿದವೆಲ್ಲ ಅಲುಗುವಂಥ ಲೋಹಗಳ ಲೆಕ್ಕ ಹಾಕುವುದು ಅದರ ಕೆಲಸ. ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ ಕೂತು ನಾಲ್ಕು ವರ್ಷ ಬರೆದಿದ್ದಳು. ಮೊನ್ನೆ ತಾನೇ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದಳು. ಇಂದು ಆ ಕಂಪನಿಯಿಂದಲೇ ನೋಟಿಸು—‘ನಮ್ಮದನ್ನು ಕದ್ದಿದ್ದೀರಿ. ಸಂಜೆಯೊಳಗೆ ಅಳಿಸಿ.’

ರಾಬರ್ಟ್‌ಸನ್‌ಪೇಟೆಯ ವಕೀಲೆ ಶ್ಯಾಮಲ ಕೆಂಡವಾದಳು. “ಕದ್ದೋರೇ ನೋಟಿಸ್ ಕೊಡ್ತಾರಾ? ತೆರೆಯೋಕೆ ಮುಂಚೆ ಯಾರ್ಗೆ ಕೊಟ್ಟಿದ್ದೆ?”

“ಪರೀಕ್ಷೆ ಮಾಡೋಕೆ ಇಬ್ಬರಿಗೆ, ಅಕ್ಕ. ಗೆಳೆಯ ವೆಂಕಿ. ಕಾಲೇಜಲ್ಲಿ ಕಲಿಸಿದ ಚಲಪತಿ ಮೇಷ್ಟ್ರು.”

ಇಬ್ಬರನ್ನೂ ಕರೆಸಿದಳು. ಬೇತಮಂಗಲದ ಬಸ್ಸಿಳಿದು ಬಂದ ವೆಂಕಿ ರೇಗಿದ. “ನಾನ್ಯಾಕ್ ಕೊಡ್ಲಿ ಅಕ್ಕಾ? ಇವಳ ತಪ್ಪು ಉಡುಕಿ ಉಡುಕಿ ನನ್ ಕಣ್ಣೇ ಓಗೈತೆ!”

“ಅದೇ ಕಂಪನೀಲಿ ಕೆಲಸ ಕೇಳಿದ್ದೆಯಂತೆ?”

ವೆಂಕಿ ಬೆವೆತ. “ಕೇಳಿದ್ದೆ. ಬಾಗ್ಲಿಂದ್ಲೇ ಕಳ್ಸಿದ್ರು.”

ಚಲಪತಿ ನಕ್ಕರು. “ಕದ್ದಿದ್ದು ಅಂತ ಯಾಕಮ್ಮ? ಒಂದೇ ಸೂತ್ರ ಇಟ್ಟವರಿಗೆ ಒಂದೇ ಉತ್ತರ.”

“ಒಂದೇನಾ?” ಶ್ಯಾಮಲ ಕವಿತಳನ್ನು ಕೇಳಿದಳು.

“ದಶಾಂಶದ ಮೊದಲ ನಾಲ್ಕು ಅಂಕಿ ಮಾತ್ರ ಒಂದೇ,” ಎಂದಳು ಕವಿತ. “ಲೆಕ್ಕದೊಳಗೆ ಕಂಪ್ಯೂಟರು ದಾಳ ಹಾಕುತ್ತೆ. ದಾಳ ಬಿದ್ದಂಗೆ ಆಮೇಲಿನ ಅಂಕಿ ಬದಲಾಗ್ತವೆ.”

“ದಾಳ ಎಲ್ಲಿಂದ ಶುರು?”

“ನಾನು ಕೊಟ್ಟ ನಂಬರಿಂದ. ಅದೇ ನಂಬರು ಹಾಕಿದ್ರೆ ದಾಳ ಪ್ರತಿ ಸಲ ಅದೇ ಥರ ಬೀಳುತ್ತೆ. ಇವರಿಬ್ಬರ ಪ್ರತಿಗೂ ಬೇರೆ ಬೇರೆ. ಗಣಿಗೆ ಇಳಿಯೋ ಒಬ್ಬೊಬ್ಬರಿಗೂ ಅಪ್ಪ ಒಂದೊಂದು ನಂಬರಿನ ಬಿಲ್ಲೆ ಕೊಡ್ತಿದ್ರಲ್ಲ, ಹಂಗೆ. ತಪ್ಪು ಬಂದ್ರೆ ಯಾರ ಪ್ರತೀಲಿ ಅಂತ ತಿಳೀಲಿ ಅಂತ.”

ಶ್ಯಾಮಲ ಮೇಜು ಗುದ್ದಿದಳು. “ಲೇ, ಇದನ್ನ ಮೊದಲೇ ಹೇಳೋಕೇನಾಗಿತ್ತೇ! ಇಬ್ಬರ ನಂಬರೂ ಹಾಕಿ ಓಡಿಸು!”

ಕಂಪನಿಯ ಜಾಹೀರಾತಿನಲ್ಲೇ ಅವರ ತಂತ್ರಾಂಶ ಕೊಟ್ಟ ಉತ್ತರಗಳ ಪಟ್ಟಿಯಿತ್ತು. ಕವಿತ ಅದಕ್ಕೆ ಹೋಲಿಸಿದಳು. ವೆಂಕಿಯ ನಂಬರು—ಐದನೆಯ ಅಂಕಿಗೇ ದಾರಿ ತಪ್ಪಿತು. ಚಲಪತಿಯ ನಂಬರು—ಎಂಟು, ಒಂಬತ್ತು, ಹತ್ತು... ಹನ್ನೆರಡೂ ಅಂಕಿ ಅವೇ!

“ಮೇಷ್ಟ್ರೇ,” ಎಂದಳು ಶ್ಯಾಮಲ, “ಇವಳ ಹೆಸರು ಅಳಿಸಿದ್ರಿ. ದಾಳದ ನಂಬರಿಗೆ ಅರ್ಥ ಇಲ್ಲ ಅಂತ ಬಿಟ್ರಿ. ಸೂತ್ರ ಒಂದೇ ಆದ್ರೆ ನಾಲ್ಕು ಅಂಕಿ ಕೂಡ್ತವೆ. ಹನ್ನೆರಡೂ ಕೂಡಿದ್ರೆ ಅದು ನಿಮ್ಮ ಕೈಲಿದ್ದ ಪ್ರತೀನೇ. ಕಂಪನಿಗೆ ಕೊಟ್ಟೋರು ನೀವು!”

ಚಲಪತಿಯ ನಗು ಸತ್ತಿತು. “ಲೈನ್‌ಮನೆ ಹುಡುಗಿ ಹೆಸರಿದ್ರೆ ಯಾರು ಕೊಳ್ತಾರೆ...?”

“ಕೊಳ್ಳಲಿ ಅಂತ ಯಾರು ಬರೆದ್ರು ಸರ್?” ಕವಿತ ಎದ್ದು ನಿಂತಳು. “ಎಲ್ಲರಿಗೂ ಅಂತ ಬರೆದದ್ದು. ನಿಮಗೂ ಪುಕ್ಕಟೆ ಇತ್ತು. ಅದಕ್ಕೆ ಬೀಗ ಹಾಕೋಕೆ ನೀವ್ಯಾರು?”

ಸಂಜೆ ಅವಳು ಏನನ್ನೂ ಅಳಿಸಲಿಲ್ಲ. ಕಂಪನಿಯ ಪಟ್ಟಿ, ಚಲಪತಿಯ ನಂಬರಿನಿಂದ ಬಂದ ಪಟ್ಟಿ—ಎರಡನ್ನೂ ಪಕ್ಕಪಕ್ಕ ಇಟ್ಟು ಲೋಕಕ್ಕೇ ತೆರೆದಳು.