ಸುಂದರಬಾಯಿ ಸೇರಿಸಿದ ಮೂರು ಊರು

ಸುಂದರಬಾಯಿಯ ತಾಳಗಳನ್ನು ನಾನು ಕಸಿದುಕೊಂಡದ್ದು ಮೊದಲ ಭೇಟಿಯಲ್ಲೇ. ಕಸಿದುಕೊಂಡೆ ಅನ್ನುವುದು ಅವಳ ಮಾತು. ಕೈಮುಗಿದು ಕೇಳಿ ಇಸಿದುಕೊಂಡೆ ಅನ್ನುವುದು ನನ್ನದು. ಈ ಜಗಳ ಇವತ್ತಿಗೂ ಮುಗಿದಿಲ್ಲ.

ಸಾವಿರದ ಒಂಬೈನೂರ ಐವತ್ತಾರು. ಗಣಪತಿ ಹಬ್ಬ ಆಗ ತಾನೇ ಮುಗಿದಿತ್ತು. ನವೆಂಬರ್ ಒಂದಕ್ಕೆ ನಮ್ಮ ಬೀದರ ಮೈಸೂರು ರಾಜ್ಯ ಸೇರುವುದಿತ್ತು. ಕೋಟೆಯ ಹತ್ತಿರದ ಬಯಲಿನಲ್ಲಿ ದೊಡ್ಡ ಸಮಾರಂಭ. ಅಲ್ಲಿ ರಾಷ್ಟ್ರಗೀತೆ ಹಾಡಿಸುವ ಕೆಲಸ ಭಾಲ್ಕಿಯ ಸಾಲಿ ಮಾಸ್ತರನಾದ ಈ ಶಿವರಾಜಪ್ಪನ ತಲೆಗೆ ಬಂತು. ನಿಜಾಮರ ಕಾಲದಲ್ಲಿ ದಿನಾ ಬೆಳಿಗ್ಗೆ ಹುಜೂರರ ಆಯುಷ್ಯ ಹೆಚ್ಚಲಿ ಎಂದು ಹಾಡಿ ಬೆಳೆದವರು ನಾವು. ನಮ್ಮದೇ ಒಂದು ಹಾಡು ಕೈಗೆ ಬಂದು ಹತ್ತು ವರ್ಷವೂ ಆಗಿರಲಿಲ್ಲ. ಹಾಡಿದರೆ ಮೈಸೂರಿನವರು ತಲೆದೂಗಬೇಕು, ಅಂಥ ಹಟ ನನಗೆ.

ಅದಕ್ಕೇ ಔರಾದದಲ್ಲಿ ಬಸ್ಸು ಇಳಿದು, ಎತ್ತಿನ ಗಾಡಿ ಹಿಡಿದು ಎಕಂಬಾಕ್ಕೆ ಹೋದೆ. ಅಲ್ಲಿನ ಹಾವಗೆಪ್ಪನವರ ಭಜನಾ ಮೇಳ ಸುತ್ತ ಹತ್ತೂರಿಗೆ ಹೆಸರುವಾಸಿ. ಮೇಳ ಅಪ್ಪನದು, ದನಿ ಮಗಳದು. ಹಾಡುವುದನ್ನು ಬಿಡಬೇಕು ಎಂದ ಎರಡು ಸಂಬಂಧಗಳನ್ನು ಮಗಳು ಬಾಗಿಲಿನಿಂದಲೇ ವಾಪಸು ಕಳಿಸಿದ್ದಳೆಂದು ಗಾಡಿ ಹೊಡೆಯುವವನು ದಾರಿಯಲ್ಲೇ ಹೇಳಿದ್ದ.

ಚಹಾ ಕೊಟ್ಟರು. ಕುಡಿಯುವಷ್ಟರಲ್ಲಿ ಮೇಳ ಕೂತು ಒಂದು ಪದ ಎತ್ತಿತು. ಪದ ಮುಗಿಯುವ ಹೊತ್ತಿಗೆ ಸುಂದರಬಾಯಿ ಕಣ್ಣು ಮುಚ್ಚಿ ಊರುಗಳ ಹೆಸರು ಹಾಡತೊಡಗಿದಳು. ಎಕಂಬಾ ಬಂತು, ಔರಾದ ಬಂತು, ಕಡೆಗೆ ಭಾಲ್ಕಿಯೂ ಬಂತು. ನಾನು ಬೆಚ್ಚಿ ಬಸಿಯಲ್ಲಿ ಚಹಾ ಚೆಲ್ಲಿದೆ.

"ನಮ್ಮ ಮೇಳದ ಪದ್ಧತಿರಿ," ಎಂದರು ಹಾವಗೆಪ್ಪ. "ಎಲ್ಲಿ ಕೂತು ಹಾಡಿದ್ರೂ ಹುಟ್ಟಿದ ಊರಿಂದ ಸುರು ಮಾಡಿ, ಕರೆದವ್ರ ಊರಿನ ಹೆಸರು ಹೇಳಬೇಕು. ಹೇಳಲಿಲ್ಲಂದ್ರ ಉಂಡ ಮನಿಗಿ ಹೇಳದ ಎದ್ದು ಹೋದಂಗ."

"ನಾನು ನೌಕರಿಗಿ ಭಾಲ್ಕಿಯಾಗ ಇರ್ತೇನಿ. ನನ್ನ ಮನಿ ಬೀದರದ ಚಿದ್ರಿಯಾಗ ಅದರಿ. ಕಡೀಗಿ ಚಿದ್ರಿ ಹೆಸರೂ ಸೇರಿಸ್ರಲ್ಲ," ಅಂದೆ, ಜಾಣನಂತೆ.

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮೇಳದ ಹಿರಿಯಳು ಗುರಮ್ಮ ತೊಡೆ ತಟ್ಟಿಕೊಂಡಳು. "ಕಡೀಗಿ ಬರೋ ಊರು ಗಂಡನ ಮನಿ ಊರು ಮಾಸ್ತರ! ಮದಿವಿ ಆದಾಕಿ ಅದನ್ನ ಹೇಳ್ತಾಳ. ಆಗದಾಕಿ ಕರೆದವ್ರ ಊರಿಗೇ ನಿಲ್ಲಿಸ್ತಾಳ. ಇನ್ನ ಚಿದ್ರಿ ಸೇರಿಸಲೇನು ಹೇಳ್ರಿ?"

ನನ್ನ ಕಿವಿ ಕಾದ ಹಂಚಾಯಿತು. ಸುಂದರಬಾಯಿ ಮಾತ್ರ ನಗಲಿಲ್ಲ. ತಲೆಯಿಂದ ಕಾಲಿನ ತನಕ ನನ್ನನ್ನೊಮ್ಮೆ ನೋಡಿದಳು. ಆ ನೋಟ ನನ್ನ ಧೂಳು ಹಿಡಿದ ಚಪ್ಪಲಿಯ ಮೇಲೆ ತುಸು ನಿಂತು, ಮತ್ತೆ ಮೇಲೆ ಬಂತು.

ರಾಷ್ಟ್ರಗೀತೆ ಕಲಿಸುವಾಗ ಅವಳು ತಾಳ ಎತ್ತಿಕೊಂಡಳು.

"ಇದು ಭಜನಿ ಅಲ್ಲರಿ. ತಾಳ ಬ್ಯಾಡ."

"ತಾಳ ಇಲ್ದ ಹಾಡು ಉಪ್ಪಿಲ್ದ ಸಾರು ಇದ್ದಂಗ್ರಿ ಮಾಸ್ತರ."

"ಉಪ್ಪು ನಿಮ್ಮ ದನಿಯಾಗೇ ಅದಲ್ರಿ."

"ಭಾಳ ಮಾತಾಡ್ತೀರಿ ನೀವು," ಎಂದಳು. ಆದರೆ ಬೆರಳಿಗೆ ಸುತ್ತಿದ್ದ ಕೆಂಪು ದಾರ ಬಿಚ್ಚಿ ತಾಳ ಜೋಡಿಯನ್ನು ನನ್ನ ಅಂಗೈಯಲ್ಲಿ ಇಟ್ಟಳು. ಕಂಚು ಅವಳ ಕೈಯ ಬಿಸಿಗೆ ಬೆಚ್ಚಗಿತ್ತು. ಅದನ್ನು ಕಿಸೆಗೆ ಹಾಕಿಕೊಂಡೆ, ವಾಪಸು ಕೊಡುವುದು ಮರೆತೆ. ಮುಂದಿನ ವಾರ ನೆನಪಿದ್ದರೂ ಕೊಡಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಕಿಸೆಯಲ್ಲಿ ಕಿಣಿಕಿಣಿ. "ಗೆಜ್ಜಿ ಕಟ್ಕೊಂಡೀರೇನ್ರಿ ಮಾಸ್ತರ?" ಎಂದು ಕಂಡಕ್ಟರ ಕೇಳಿದ.

ಪ್ರತಿ ಆದಿತ್ಯವಾರ ಹೋದೆ. ಮೇಳ ಗೀತೆಯನ್ನು ಬೇಗನೇ ಕಲಿತಿತ್ತು. ನಾನು ಮಾತ್ರ ಇನ್ನೊಮ್ಮೆ, ಇನ್ನೊಮ್ಮೆ ಅನ್ನುತ್ತಿದ್ದೆ.

"ಹಾಡು ನಮಗ ಬಂತು. ನಿಮಗ ಏನು ಬರಲಿಲ್ಲ ಅದು ಹೇಳ್ರಿ," ಎಂದು ಸುಂದರಬಾಯಿ ಒಮ್ಮೆ ಮೆಲ್ಲಗೆ ಕೇಳಿದಳು. ನನಗೆ ವಾಪಸು ಹೋಗಲು ಬರುತ್ತಿರಲಿಲ್ಲ.

ಅವತ್ತೇ ಅವಳು ಇನ್ನೊಂದು ಮಾತು ಕೇಳಿದಳು. "ಈ ಹಾಡಿನಾಗ ಇಷ್ಟೆಲ್ಲಾ ನಾಡಿನ ಹೆಸರು ಬರ್ತಾವ. ನಮ್ಮ ಊರು ಎಲ್ಲಿ ಅದರಿ?"

"ದೇಶ ಅಂದ ಮ್ಯಾಲ ನಾವೂ ಬಂದೆವಲ್ರಿ."

"ಹೆಸರು ಹಿಡಿದು ಕರೀಲಿಲ್ಲಂದ್ರ ನೀವು ಊಟಕ್ಕ ಬರ್ತೀರೇನು?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ನವೆಂಬರ್ ಒಂದು ಬಂತು. ಬಯಲು ತುಂಬ ರುಮಾಲು, ಟೋಪಿ, ಸೆರಗು. ವೇದಿಕೆಯ ಮೇಲೆ ಮೈಸೂರ ಕಡೆಯಿಂದ ಬಂದ ಹೊಸ ಅಧಿಕಾರಿ. ಎಲ್ಲರೂ ಎದ್ದು ನಿಂತರು. ಸುಂದರಬಾಯಿ ದನಿ ಎತ್ತಿದಳು. ಅಬ್ಬಾ, ಆ ದನಿಗೆ ಕೋಟೆಯ ಗೋಡೆಯೂ ಕಿವಿಗೊಟ್ಟಿತ್ತು! ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ. ಆಗ ನಾಡುಗಳ ಹೆಸರು ಬರುವ ಸಾಲು ಬಂತು. ಅದು ಮುಗಿಯುತ್ತಿದ್ದಂತೆ ಅವಳ ಕಣ್ಣು ತಾವಾಗಿಯೇ ಮುಚ್ಚಿದವು. ಎಕಂಬಾ, ಭಾಲ್ಕಿ, ಬೀದರ. ಮೂರೂ ಹೆಸರು ಸ್ವರ ತಪ್ಪದೆ ರಾಷ್ಟ್ರಗೀತೆಯೊಳಗೆ ಬಂದು ಕೂತವು. ರೂಢಿಯಂತೆ ಮೇಳ ಅದನ್ನೇ ತಿರುಗಿ ಹಾಡಿತು.

ಅರ್ಧ ಬಯಲು ಕೇಕೆ ಹಾಕಿತು. ಉಳಿದರ್ಧ ಹೌಹಾರಿತು. ಅಧಿಕಾರಿಯ ಮುಖ ಕೆಂಪು ಮೆಣಸಿನಕಾಯಿ.

ಮರುದಿನದಿಂದ ಬೀದರ ಪೇಟೆಯಲ್ಲಿ ಬೇರೆ ಮಾತೇ ಇಲ್ಲ. ದೇಶದ ಹಾಡು, ನಿಮ್ಮಪ್ಪನ ಮನಿ ಹಾಡೇನು ಎಂದು ಒಬ್ಬರು. ನಮ್ಮ ಊರೂ ದೇಶದಾಗೇ ಅದ, ಹೇಳಿದ್ರ ತಪ್ಪೇನು ಎಂದು ಇನ್ನೊಬ್ಬರು. ಹೈದರಾಬಾದಿನ ಪತ್ರಿಕೆಯೊಂದು ರಾಷ್ಟ್ರಗೀತೆಗೆ ಅವಮಾನ ಎಂದು ಬರೆಯಿತು. ಭಾಲ್ಕಿಯಲ್ಲಿ ಜಗಳ ಇನ್ನೂ ಜೋರು. ತಮ್ಮ ಬೀಗರೆಲ್ಲ ಮುಂಬಯಿ ರಾಜ್ಯಕ್ಕೆ ಹೋದ ಉದಗೀರದಲ್ಲಿ ಉಳಿದುಹೋದರೆಂದು ಮೊದಲೇ ಹೊಟ್ಟೆ ಉರಿಯುತ್ತಿದ್ದವರು, ಉದಗೀರ ಯಾಕ ಬಿಟ್ಟಳು ಎಂದು ಹರಿಹಾಯ್ದರು. ಹುಮನಾಬಾದಿನವರ ಸಿಟ್ಟು ಬೇರೆ: ನಾವೇನು ಪಾಪ ಮಾಡಿದ್ದೆವು?

ಅಧಿಕಾರಿ ನನ್ನನ್ನು ಕರೆಸಿದರು. ಪಕ್ಕದಲ್ಲಿ ನಮ್ಮ ಹೆಡ್‌ಮಾಸ್ಟರ್ ಫಕ್ರೋದ್ದೀನ ಸಾಹೇಬರು ನಿಂತಿದ್ದರು.

"ನೋಡಿ ಮೇಷ್ಟ್ರೇ, ಮುಂದಿನ ಭಾನುವಾರ ಭಾಲ್ಕಿಯಲ್ಲಿ ಸಭೆ ಇದೆ. ಅಲ್ಲಿ ಎಲ್ಲರ ಎದುರಿಗೆ ಹೇಳಿಬಿಡಿ: ಅವರು ತಿಳಿವಳಿಕೆ ಇಲ್ಲದ ಹಳ್ಳಿ ಜನ, ಇನ್ನು ಮುಂದೆ ಅವರನ್ನು ವೇದಿಕೆಗೆ ಹತ್ತಿಸೋದಿಲ್ಲ ಅಂತ. ಇಲ್ಲದಿದ್ದರೆ ನಿಮ್ಮ ಕೆಲಸ ಉಳಿಯೋದಿಲ್ಲ."

ಹೊರಗೆ ಬಂದ ಮೇಲೆ ಫಕ್ರೋದ್ದೀನ ಸಾಹೇಬರು ನನ್ನ ಭುಜ ಹಿಡಿದರು. "ಎರಡು ಮಾತು ಹೇಳಿದ್ರ ನೌಕರಿ ಉಳೀತದ ಬೇಟಾ. ಆದ್ರ ದಿಲ್ ಏನು ಹೇಳ್ತದ, ಅದನ್ನ ಸ್ವಲ್ಪ ಕೇಳು."

ನಾನು ಎಕಂಬಾಕ್ಕೆ ಹೋದೆ. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಸುಂದರಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು, ಮೊರದ ಸಪ್ಪಳದಲ್ಲೇ ಅವಳ ಸಿಟ್ಟು ಕೇಳುತ್ತಿತ್ತು.

"ನಾವು ತಿಳಿಗೇಡಿಗಳಂತ ಹೇಳೋರಿದ್ದೀರಂತ?"

"ಹೇಳಂಗಿಲ್ಲ."

"ನೌಕರಿ?"

"ಹೋದ್ರ ಹೋಗ್ತದ. ನಿಮ್ಮ ಮರ್ಯಾದಿ ಮಾರಿ ತಿಂದ ಅನ್ನ ನನ್ನ ಗಂಟಲಾಗ ಇಳಿಯಂಗಿಲ್ಲ."

ಮೊರ ನಿಂತಿತು. ಅವಳು ತಲೆ ಎತ್ತಿ ನೋಡಿದಳು. ಮೊದಲ ದಿನ ಚಪ್ಪಲಿಯ ತನಕ ಇಳಿದಿದ್ದ ನೋಟ ಇವತ್ತು ನನ್ನ ಕಣ್ಣಲ್ಲೇ ನಿಂತಿತು.

"ಆ ಅಧಿಕಾರಿ ಅಂದದ್ದು ಇರಲಿ. ನೀವು ಹೇಳ್ರಿ. ನಾ ಮಾಡಿದ್ದು ತಪ್ಪೇನು?"

ಇಲ್ಲ ಅಂದುಬಿಡಬಹುದಿತ್ತು. ಅವಳನ್ನು ಖುಷಿ ಮಾಡುವ ಆಸೆ ನನಗೇನು ಕಮ್ಮಿ ಇತ್ತೇ? ಆದರೆ ಇವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದ್ರಿ, ತಪ್ಪು. ಕಾಶ್ಮೀರದವರೂ ಅದನ್ನೇ ಹಾಡ್ತಾರ, ಅಸ್ಸಾಮದವರೂ ಅದನ್ನೇ ಹಾಡ್ತಾರ. ಅವರ ಹೆಸರೂ ಅದರಾಗ ಇಲ್ಲ. ಆದ್ರೂ ಎದ್ದು ನಿಲ್ತಾರ. ಎಲ್ಲಾರೂ ತಮ್ಮ ತಮ್ಮ ಊರು ಸೇರಿಸಿದ್ರ ಅದು ಎಲ್ಲಾರ ಹಾಡು ಆಗಿ ಉಳೀತದೇನು?"

ಅವಳು ತೊಗರಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಆಚೆ ಎಸೆದಳು. ಆಮೇಲೆ ಕೇಳಿದಳು, "ನನ್ನ ತಾಳ ಎಲ್ಲಿ ಅವ?"

"ಇಲ್ಲೇ ಕಿಸೇದಾಗ."

"ಇರಲಿ. ಭಾಲ್ಕಿಗಿ ತರ್ರಿ."

ಆದಿತ್ಯವಾರ ಭಾಲ್ಕಿಯ ಬಯಲಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಮಂದಿ. ಮುಂದಿನ ಸಾಲಿನಲ್ಲಿ ಅಧಿಕಾರಿ, ಪಕ್ಕದಲ್ಲಿ ಫಕ್ರೋದ್ದೀನ ಸಾಹೇಬರು. ನಾನು ಎದ್ದು ನಿಂತೆ. "ಗೀತೆ ಕಲಿಸಿದವ ನಾನು. ಇವರು ತಿಳಿಗೇಡಿಗಳು ಅಂತ ನಾನು ಹೇಳಂಗಿಲ್ಲ. ಯಾರನ್ನಾದ್ರೂ ತೆಗೀಬೇಕಂದ್ರ ನನ್ನ ತೆಗೀರಿ."

"ಮಾಸ್ತರ, ನೀವು ಕೂಡ್ರಿ," ಎಂದಳು ಸುಂದರಬಾಯಿ. ಹೆಂಗಸರ ನಡುವಿನಿಂದ ಎದ್ದು ಬಂದು, ಸೆರಗು ಭುಜದ ಮೇಲೆ ಬಿಗಿದುಕೊಂಡು ನಿಂತಳು.

"ನಾ ಎಕಂಬಾದ ಹಾವಗೆಪ್ಪನ ಮಗಳು. ನಮ್ಮ ಮೇಳದಾಗ ಕೂತು ಹಾಡಿದಾಗ ಊರ ಹೆಸರು ಹೇಳ್ತೇವ್ರಿ. ಅದು ನಮ್ಮ ಹಿರೇರು ಕಲಿಸಿದ್ದು. ಅವತ್ತು ನಿಂತು ಹಾಡೋ ಹಾಡಿಗಿ ಕೂತು ಹಾಡೋ ಪದ್ಧತಿ ಹಚ್ಚಿದೆ. ಅದು ತಪ್ಪು, ಒಪ್ಪಿದೆ. ಊರ ಮ್ಯಾಲಿನ ಅಭಿಮಾನ ತಪ್ಪಲ್ಲ. ಅದಕ್ಕ ಕೈ ಮುಗಿದು ಮಾಫಿ ಕೇಳಂಗಿಲ್ಲ. ಈಗ ಎಲ್ಲಾರೂ ಏಳ್ರಿ."

ಮಂದಿ ಎದ್ದರು. ಬೈಯಲು ಬಂದವರೂ ಎದ್ದರು, ಕೇಕೆ ಹಾಕಲು ಬಂದವರೂ ಎದ್ದರು. ಅವಳು ಕಣ್ಣು ತೆರೆದೇ ಹಾಡಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ನಾಡುಗಳ ಸಾಲು ಬಂದಾಗ ನಾನು ಉಸಿರು ಹಿಡಿದೆ. ಸಾಲು ತನ್ನಷ್ಟಕ್ಕೆ ತಾನು ದಾಟಿ ಹೋಯಿತು. ಹಾಡು ಮುಗಿದಾಗ ಅಧಿಕಾರಿಯ ಕಣ್ಣು ಒದ್ದೆಯಾಗಿದ್ದವು, ನನ್ನವಂತೂ ಕೇಳಲೇಬೇಡಿ.

ಆಮೇಲೆ ಸುಂದರಬಾಯಿ ನೆಲದ ಮೇಲೆ ಕೂತಳು, ಮೇಳವೂ ಕೂತಿತು. ಅವಳು ನನ್ನತ್ತ ಕೈ ಚಾಚಿದಳು. ಅಷ್ಟು ಮಂದಿಯ ಎದುರಿಗೆ ಕಿಸೆಯಿಂದ ತಾಳ ತೆಗೆದು ಅವಳ ಅಂಗೈಯಲ್ಲಿಟ್ಟೆ. ಕಂಚು ಈ ಸಲ ನನ್ನ ಮೈಯ ಬಿಸಿಗೆ ಬೆಚ್ಚಗಿತ್ತು. ಅವಳಿಗೆ ಅದು ತಿಳಿಯಿತು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

ಈಗ ಕಣ್ಣು ಮುಚ್ಚಿ ಊರುಗಳನ್ನು ಹಾಡಿದಳು. ಎಕಂಬಾ ಬಂತು, ಔರಾದ ಬಂತು, ಬೀದರ ಬಂತು. ಹುಮನಾಬಾದ ಬಂದಾಗ ಒಂದು ಮೂಲೆ ಶಿಳ್ಳೆ ಹೊಡೆಯಿತು. ಉದಗೀರ ಬಂದಾಗ ಮುದುಕಿಯರು ಕಣ್ಣೊರೆಸಿಕೊಂಡರು. ಕರೆದವರ ಊರು ಭಾಲ್ಕಿ. ಅಲ್ಲಿಗೆ ನಿಲ್ಲಬೇಕು. ಮೇಳವೂ ಕೈ ತಡೆಯಿತು. ಅವಳ ತಾಳ ನಿಲ್ಲಲಿಲ್ಲ.

"ಚಿದ್ರಿ," ಎಂದು ಹಾಡಿದಳು.

ಗುರಮ್ಮ ಹೋ ಎಂದು ಕೂಗಿದಳು. ಪದ್ಧತಿ ಬಲ್ಲ ಔರಾದ ಕಡೆಯ ಮಂದಿಯೆಲ್ಲ ತಿರುಗಿ ನನ್ನನ್ನೇ ನೋಡಿದರು. ನಾನು ನಿಂತಲ್ಲೇ ಕಂಬವಾದೆ.

"ಇಷ್ಟು ದೊಡ್ಡ ಊರುಗಳ ಜೊತೆ ಈ ಚಿದ್ರಿ ಯಾವುದ್ರೀ?" ಅಧಿಕಾರಿ ಬಗ್ಗಿ ಕೇಳಿದರು.

"ಅದು ಸರ್ಕಾರಿ ಬಾಬತ್ತು ಅಲ್ಲ ಹುಜೂರ್," ಎಂದರು ಫಕ್ರೋದ್ದೀನ ಸಾಹೇಬರು. "ನಮ್ಮ ಮಾಸ್ತರದು ಖಾಸಗಿ ಮಾಮಲಾ. ಇವರ ನೌಕರಿ ತೆಗೆದ್ರ ಆ ಹುಡುಗಿ ಮತ್ತೊಂದು ಹಾಡು ತಿದ್ದತಾಳ, ನೋಡ್ಕೋರಿ."

ಅಧಿಕಾರಿ ಮೊದಲ ಸಲ ನಕ್ಕರು. "ಕೆಲಸ ಇರಲಿ ಮೇಷ್ಟ್ರೇ. ಇನ್ನು ಮೇಲೆ ಅದು ನಿಮಗೆ ಬೇಕಾಗುತ್ತೆ."

ಹಾವಗೆಪ್ಪ ನನ್ನ ಹತ್ತಿರ ಬಂದು ರುಮಾಲು ಸರಿಮಾಡಿಕೊಂಡರು. "ಮಾಸ್ತರ, ಚಿದ್ರಿ ಮನ್ಯಾಗ ಹಾಡೋದಕ್ಕ ಅಡ್ಡಿ ಅದ ಏನ್ರಿ?"

"ಹಾಡಲಿಲ್ಲಂದ್ರ ಅಡ್ಡಿ ಅದರಿ."

ಸುಂದರಬಾಯಿ ತಾಳದ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಮುಂದೆಯೇ ಹಾದುಹೋದಳು. ತಲೆ ತಗ್ಗಿರಲಿಲ್ಲ.

"ಸೇರಿಸ್ರಿ ಅಂತ ಮೊದಲ ದಿನಾನೇ ಕೇಳಿದ್ರಲ್ಲ," ಎಂದಳು. "ಈಗ ಸೇರಿಸೀನಿ. ಬಂದು ಕರ್ಕೊಂಡು ಹೋಗ್ರಿ."