ಆರಿನ್ ಮುದುಕನ ಪ್ರೈಮರ್

ಢಂ!

ಕಿವಿಯ ಪಕ್ಕದ ಮರದ ಚೌಕಟ್ಟು ಚೂರಾಯಿತು. ಟಾರ್ಗೆಟ್ ಹಲಗೆಯ ಹಿಂದೆ ಮುದುರಿ ಕೂತೆ.

ಹಲಗೆ ಅಂದರೆ ಪ್ಲೈವುಡ್ಡು. ಗುಂಡಿಗೆ ಅದು ಹಪ್ಪಳ!

ಬೆನ್ನಿಗೆ ಮಣ್ಣಿನ ದಿಬ್ಬ. ಎಡಕ್ಕೂ ದಿಬ್ಬ, ಬಲಕ್ಕೂ ದಿಬ್ಬ. ಹೊರಹೋಗಲು ಒಂದೇ ದಾರಿ... ನೂರು ಗಜದಾಚೆ ಕಾಂಕ್ರೀಟ್ ಬೆಂಚಿನ ಮೇಲೆ ರೈಫಲ್ ಹೂಡಿ ಕೂತಿದ್ದ ವರ್ಜಿಲ್ ಸ್ಟೌಫರ್‌ನ ಮುಂದೆ. ಪೆನ್ಸಿಲ್ವೇನಿಯಾದ ಚಾಂಪಿಯನ್. ಐದು ಗುಂಡನ್ನು ಒಂದೇ ತೂತಿನಲ್ಲಿ ತೂರಿಸುವ ಆಸಾಮಿ.

ಹೊಸ ಸದಸ್ಯನ ಸೋಗಿನಲ್ಲಿ ಕ್ಲಬ್ಬಿಗೆ ಬಂದಿದ್ದೆ. "ಒಂದು ಟಾರ್ಗೆಟ್ ಅಂಟಿಸಿ ಬಾರಪ್ಪ" ಅಂದ. ದಡ್ಡನ ಹಾಗೆ ಹೋದೆ. ಅಷ್ಟರಲ್ಲಿ ಬೆಂಚಿನ ಮೇಲಿದ್ದ ನನ್ನ ಕೋಟು ತಡಕಿದ. ಪತ್ತೇದಾರನ ಲೈಸೆನ್ಸ್ ಸಿಕ್ಕಿತು. ನನ್ನ ಫೋನೂ ಅದರಲ್ಲೇ!

ಟಾರ್ಗೆಟ್ ಅಂಟಿಸಲು ಹೋಗುವವರಿಗೆ ಕ್ಲಬ್ಬು ಕೊಡುವ ವಾಕಿಟಾಕಿ ಸೊಂಟದಲ್ಲಿ ಗೊರಗುಟ್ಟಿತು.

"ಯಾರೋ ನಿನ್ನ ಕಳಿಸಿದ್ದು?"

"ಆರಿನ್ ಮಗಳು."

"ಮುದುಕ ಸತ್ತನಾ?"



ನೋಡಿ, ಪ್ರೈಮರ್ ಅಂದರೆ ಗುಂಡಿನ ಬುಡದಲ್ಲಿ ಕೂರುವ, ತೊಗರಿಬೇಳೆಯಷ್ಟು ದೊಡ್ಡ ತಗಡಿನ ಬಟ್ಟಲು. ಪಿನ್ನು ಕುಟ್ಟಿದರೆ ಕಿಡಿ, ಕಿಡಿ ತಗುಲಿದರೆ ಮದ್ದಿಗೆ ಬೆಂಕಿ. ಈ ಜನ ಗುಂಡನ್ನು ತಾವೇ ತುಂಬಿಕೊಳ್ಳುತ್ತಾರೆ. ಆರಿನ್ ಎರಡು ಚಳಿಗಾಲ ಬಗೆಬಗೆಯ ಪ್ರೈಮರ್ ಹೊಡೆದು ನೋಡಿ, ಗುರಿ ತಪ್ಪಿಸದ, ಮೆತ್ತನೆಯ ತಗಡಿನ ಒಂದು ಹಳೇ ಲಾಟ್, ಅಂದರೆ ಒಂದೇ ಸಲ ತಯಾರಾದ ಸರಕು, ಆರಿಸಿದ್ದ. ಅದರ ಡಬ್ಬಿ ಕದಿಯಲು ವರ್ಜಿಲ್ ಅವನ ತಲೆ ಒಡೆದಿದ್ದ!

ಬೆಳಿಗ್ಗೆ ಆಸ್ಪತ್ರೆಯಲ್ಲಿ ಮುದುಕ ಕಣ್ಣು ಬಿಟ್ಟು ನನಗೆ ಹೇಳಿದ್ದ.

"ಒಳ್ಳೇ ಮಾಲನ್ನ ಯಾರೂ ಅದರ ಡಬ್ಬೀಲೇ ಇಡಲ್ಲ ಕಣೋ ರಸ್ಟಿ. ಅವನು ಒಯ್ದಿದ್ದರಲ್ಲಿ ಮಿಲಿಟರಿ ಪ್ರೈಮರ್. ಗಟ್ಟಿ ತಗಡು. ರೈಫಲ್ ಅಲುಗಬಾರದು ಅಂತ ಅವನು ಪಿನ್ನಿನ ಸ್ಪ್ರಿಂಗ್ ಸಡಿಲ ಮಾಡ್ಕೊಂಡಿದಾನೆ. ಕುಟ್ಟಿದ್ರೂ ಹೊತ್ಕೊಳ್ಳೋದು ಡೌಟು!"

ಡೌಟು. ಅಷ್ಟೇ ನನ್ನ ಕೈಲಿದ್ದ ಆಸ್ತಿ.

ವಾಕಿಟಾಕಿ ಒತ್ತಿದೆ. "ವರ್ಜಿಲ್, ಈಗ ಹೊಡೆದಿದ್ದು ಅಂಗಡಿ ಪ್ರೈಮರ್ ತಾನೇ?"

"ಹೌದು. ಏನೀಗ?"

"ಅದಕ್ಕೇ ಗೇಣು ಪಕ್ಕಕ್ಕೆ ಹೋಯ್ತು. ಆರಿನ್ ಆಗಿದ್ರೆ ಕಿವೀನೇ ಹಾರಿಸ್ತಿದ್ದ!"

"ಬೇಕಂತಲೇ ಪಕ್ಕಕ್ಕೆ ಹೊಡೆದೆ ಕಣೋ!"

"ತಪ್ಪಿದವರೆಲ್ಲ ಅದನ್ನೇ ಹೇಳೋದು. ಗಾಳಿ ಇತ್ತು, ಬಿಸಿಲಿತ್ತು..."

ನಡುವಿನ ಪುಟ್ಟ ಗಾಳಿ ಬಾವುಟಗಳು ಒಮ್ಮೆ ತಿರುಗಿ ನಿಂತವು.

"ಮುದುಕನ ಪ್ರೈಮರ್ ಹಾಕಿ ಐದು ಗುಂಡು ತುಂಬಿದೀನಿ. ಈಗಷ್ಟೇ. ಇನ್ನೂ ಒಂದೂ ಹೊಡೆದಿಲ್ಲ."

"ಹಾಕು ಮತ್ತೆ. ಎದ್ದು ನಿಂತ್ಕೋತೀನಿ. ನೀನು ದೊಡ್ಡವನೋ, ಆರಿನ್ ದೊಡ್ಡವನೋ, ನೋಡೇ ಬಿಡೋಣ!"

ಎದ್ದು ನಿಂತೆ. ಸುಳ್ಳೇಕೆ ಹೇಳಲಿ, ನನಗೆ ಭಯವಾಗಿತ್ತು. ಅವನು ಬೋಲ್ಟ್ ಎಳೆದ. ಒಂದು ಗುಂಡು ಇಟ್ಟ. ಆ ರೈಫಲ್ಲಿಗೆ ಹಿಡಿಸುವುದೇ ಒಂದು. ಕೆನ್ನೆ ಬಾಗಿಸಿದ...

ಸದ್ದಿಲ್ಲ!

ಅವನು ಎಡಗೈಯಲ್ಲಿ ಇನ್ನೂ ಒತ್ತಿ ಹಿಡಿದಿದ್ದ ವಾಕಿಟಾಕಿಯಿಂದ ಮಾತ್ರ ಸಣ್ಣಗೆ ಒಂದು 'ಕ್ಲಿಕ್'.

ಓಡಿದೆ! ಅವನ ಕಡೆಗೇ, ಗುರಿಯ ಗೆರೆ ಬಿಟ್ಟು ಓರೆಯಾಗಿ!

ವರ್ಜಿಲ್ ಅಲುಗಲಿಲ್ಲ. ಗುಂಡು ಹೊತ್ತಿಕೊಳ್ಳದಿದ್ದರೆ ಅರ್ಧ ನಿಮಿಷ ಬೋಲ್ಟ್ ಮುಟ್ಟಬಾರದು, ತಡವಾಗಿ ಸಿಡಿದರೆ ಮುಖಕ್ಕೇ ಬರುತ್ತದೆ. ನಲವತ್ತು ವರ್ಷದ ಅಭ್ಯಾಸ. ಕೊಲ್ಲಲು ಕೂತವನ ಕೈಯನ್ನೂ ಅದು ಬಿಡಲಿಲ್ಲ. ಪಕ್ಕದಲ್ಲೇ ಅಂಗಡಿ ಪ್ರೈಮರಿನ ಗುಂಡುಗಳಿದ್ದವು!

ಹತ್ತು ಹೆಜ್ಜೆ ಇರುವಾಗ ಅವನಿಗೆ ಬುದ್ಧಿ ಬಂತು. ಬೋಲ್ಟ್ ಎಳೆದ. ಗಡಿಬಿಡಿಯಲ್ಲಿ ಹೊಸ ಗುಂಡು ಕೈಜಾರಿತು. ರೈಫಲ್ ಕೆಳಗಿನ ಮರಳಿನ ಚೀಲ ಕಿತ್ತು ಮೂತಿಗೆ ಬೀಸಿದೆ.

ಮಕಾಡೆ ಬಿದ್ದ. ಬೆನ್ನ ಮೇಲೆ ಮಂಡಿಯೂರಿದೆ. ಮೂಗಲ್ಲಿ ರಕ್ತ. ಆದರೂ ಅವನು ಕೇಳಿದ್ದು ವಕೀಲನನ್ನಲ್ಲ.

"ಅಸಲಿ ಲಾಟ್... ಎಲ್ಲಿಟ್ಟಿದಾನೋ ಮುದುಕ?"

"ಕೋರ್ಟಿಗೆ ಬರ್ತಾನೆ. ನೀನೇ ಕೇಳ್ಕೋ!"