ಒಂದೂವರೆ ಸುತ್ತು

ಇನ್‌ಸ್ಪೆಕ್ಟರ ಮುಂದೆ ಮಯಿಲ್‌ಸಾಮಿ ತನ್ನೊಡನೆ ತಮಿಳಿನಲ್ಲಿ ಮಾತಾಡಿದ್ದನ್ನು ಗೋಪಾಲಸಾಮಿಗೆ ಮರೆಯಲು ಆಗಲೇ ಇಲ್ಲ.

ಮೂವತ್ತು ವರ್ಷ ಇಬ್ಬರೂ ಕನ್ನಡದಲ್ಲೇ ಬೈದಾಡಿಕೊಂಡು ಬಂದವರು. ತಮಿಳುನಾಡಿನ ಸಿರುಮುಗೈಯಲ್ಲಿ ಕನ್ನಡ ಮನೆಮಾತಿನ ಒಂದೇ ಬೀದಿಯವರು, ಭವಾನಿ ಹೊಳೆಯಲ್ಲಿ ಒಟ್ಟಿಗೆ ಈಜು ಕಲಿತವರು. ತಿರುಪ್ಪೂರಿಗೆ ಬಂದ ಮೇಲೆ ಮಯಿಲ್‌ಸಾಮಿ ಒಂದು ಕಾರ್ಖಾನೆ ಹಾಕಿ ಅದರ ಮೊದಲಾಳಿ, ಅಂದರೆ ಮಾಲೀಕನಾದ, ಗೋಪಾಲಸಾಮಿ ಅದರ ಮೇಸ್ತ್ರಿಯಾದ. ನೂಲಿನ ಮೇಲಿನ ಜುಂಗನ್ನು ಗ್ಯಾಸಿನ ಉರಿಯಲ್ಲಿ ಸುಟ್ಟು ನುಣುಪು ಮಾಡುವ ಕಾರ್ಖಾನೆ ಅದು. ಸಿಲಿಂಡರುಗಳ ಶೆಡ್ಡು ಬೀದಿಯ ಈಚೆ, ಯಂತ್ರಗಳು ಬೀದಿಯ ಆಚೆ. ನಡುವೆ ರಸ್ತೆಯಡಿ ಹಾದುಹೋಗುವ ಕಬ್ಬಿಣದ ಪೈಪನ್ನು ಗೋಪಾಲಸಾಮಿ ತನ್ನ ಕೈಯಾರೆ ಜೋಡಿಸಿದ್ದ. ಅವನು ಬಿಗಿದ ಜಾಯಿಂಟು ಸೋರುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅವನಿಗೆ ಆಸ್ತಿ ಅಂತ ಇದ್ದದ್ದು ಆ ಹೆಸರೊಂದೇ.

ಎಂಬತ್ತಾರರ ಬೇಸಿಗೆಯಲ್ಲಿ ಯಂತ್ರದ ಬಳಿ ಗ್ಯಾಸು ಸೋರಿ ಬೆಂಕಿ ಹತ್ತಿಕೊಂಡು, ಕಸ ಗುಡಿಸುವ ರಾಮಾಯಿಯ ಬಲಗೈ ಬೆಂದುಹೋಯಿತು. ಪೈಪು ಹಳತಾಗಿದೆ, ಬದಲಾಯಿಸಬೇಕು ಎಂದು ಗೋಪಾಲಸಾಮಿ ಅದಕ್ಕೆ ಮುಂಚೆಯೇ ಮೂರು ಸಲ ಬರೆದುಕೊಟ್ಟಿದ್ದ. ಮೂರು ಸಲವೂ ಮಯಿಲ್‌ಸಾಮಿ, "ಈ ಆರ್ಡರ್ ಒಂದು ಹೋಗ್ಲಿ ಕಣೋ, ಆಮೇಲೆ ನೋಡುವಾ" ಎಂದು ಕಾಗದವನ್ನು ಮೇಜಿನ ಡ್ರಾಯರಿಗೆ ತಳ್ಳಿದ್ದ. ಕಾರ್ಖಾನೆಗಳ ಇನ್‌ಸ್ಪೆಕ್ಟರು ತನಿಖೆಗೆ ಬಂದಾಗ ಅದೇ ಮಯಿಲ್‌ಸಾಮಿ, ಎಲ್ಲೋ ದಾರಿಯಲ್ಲಿ ಸಿಕ್ಕವನನ್ನು ಕೇಳುವ ಹಾಗೆ, ಬಹುವಚನ ಹಚ್ಚಿ, ತಮಿಳಿನಲ್ಲಿ ಕೇಳಿದ: "ಮೇಸ್ತ್ರಿ, ಪೈಪು ಕೆಟ್ಟಿದೆ ಅಂತ ನೀವು ಒಂದು ಸಲವಾದರೂ ನನಗೆ ಹೇಳಿದ್ದೀರಾ?"

ಮೂರೂ ಕಾಗದದ ನಕಲು ಗೋಪಾಲಸಾಮಿಯ ಅಂಗಿಯ ಜೇಬಿನಲ್ಲೇ ಇದ್ದವು. ತೆಗೆಯಲು ಕೈ ಬರಲಿಲ್ಲ. ಗೆಳೆಯ ಈಗ ನಗುತ್ತಾನೆ, ಈಗ ನಿಜ ಹೇಳುತ್ತಾನೆ ಎಂದು ಕಾಯುತ್ತ ನಿಂತ. ಅವನ ಮೌನವನ್ನು ಇನ್‌ಸ್ಪೆಕ್ಟರು ತಪ್ಪೊಪ್ಪಿಗೆ ಎಂದು ಬರೆದುಕೊಂಡರು.

ಸಂಜೆ ಮಯಿಲ್‌ಸಾಮಿ ಮನೆಗೇ ಬಂದ. ಗೋಪಾಲಸಾಮಿಯ ಹೆಂಡತಿ ನಾಚಿಯಮ್ಮ ಕಾಫಿ ಕೊಟ್ಟಳು. ಅವನು ಅದನ್ನು ಪೂರ್ತಿ ಕುಡಿದ.

"ಏನ್ ಮಾಡ್ಲೋ ಗೋಪಾಲು, ಫ್ಯಾಕ್ಟರಿ ಮುಚ್ಚಿಸಿಬಿಡ್ತಿದ್ರು. ನಿಂಗೇನು ಜೈಲಾ ಆಯ್ತು? ಇನ್ಮೇಲೆ ಶೆಡ್ ಒಂದು ನೋಡ್ಕೊಂಡಿರು, ಸಾಕು."

"ಅಣ್ಣಾ, ಇವರ ಮರ್ವಾದಿ ಹೋಯ್ತಲ್ಲ?" ಎಂದಳು ನಾಚಿಯಮ್ಮ.

"ನಾಲಕ್ಕು ದಿವ್ಸ ಮಾತಾಡ್ತಾರೆ, ಮರೀತಾರೆ ತಂಗಿ."

ಯಾರೂ ಮರೆಯಲಿಲ್ಲ. ಟೀ ಅಂಗಡಿಯಲ್ಲಿ ಅವನಿಗೆ "ಸೋರೋ ಮೇಸ್ತ್ರಿ" ಎಂಬ ಹೆಸರು ಬಿತ್ತು. ಅವತ್ತೇ ನಕಲು ತೋರಿಸಿದ್ದರೆ ಮಯಿಲ್‌ಸಾಮಿಗೆ ದಂಡ ಬೀಳುತ್ತಿತ್ತು, ಅಷ್ಟೇ. ಈಗ ಗೋಪಾಲಸಾಮಿಗೆ ಅಷ್ಟು ಸಾಲದು ಅನಿಸಿತು. ಮಯಿಲ್‌ಸಾಮಿ ಯಾವ ಪೈಪಿನ ಬಗ್ಗೆ ಸುಳ್ಳು ಹೇಳಿದನೋ ಆ ಪೈಪೇ ಅವನನ್ನು ಮುಗಿಸಬೇಕು, ಆಮೇಲೆ ಕಾಗದಗಳು ಹೊರಗೆ ಬರಬೇಕು, ಊರು ತನ್ನ ಹೆಸರನ್ನು ತನಗೆ ಹಿಂದಕ್ಕೆ ಕೊಡಬೇಕು.

ಅವನು ಆರು ತಿಂಗಳು ಯೋಚಿಸಿದ. ಪೈಪು ಒಂದೇ ಕಾರಣಕ್ಕೆ ಸೋರಿದರೆ ಆ ಕಾರಣದ ಹಿಂದೆ ಒಬ್ಬ ಮನುಷ್ಯ ಸಿಕ್ಕಿಬೀಳುತ್ತಾನೆ. ನಾಲ್ಕು ಕಾರಣ ಸೇರಿಕೊಂಡರೆ ಜನ ಅದನ್ನು ವಿಧಿ ಅನ್ನುತ್ತಾರೆ, ಸರಕಾರ ಅದನ್ನು ಅಪಘಾತ ಅನ್ನುತ್ತದೆ. ಬೆಂಕಿಯಾದ ಮೇಲೂ ರಸ್ತೆಯಡಿಯ ಪೈಪು ಬದಲಾಗಿರಲಿಲ್ಲ, ಮೂರು ಕಾರಣಗಳು ಆ ಬೀದಿಯಲ್ಲಿ ಆಗಲೇ ಬಿದ್ದಿದ್ದವು. ಬಟ್ಟೆ ಬಿಳುಪು ಮಾಡುವ ಪಕ್ಕದ ಬ್ಲೀಚಿಂಗ್ ಪಟ್ಟರೆಯ ಉಪ್ಪುನೀರು ವರ್ಷಗಟ್ಟಲೆ ಮಣ್ಣಿಗಿಳಿದು ಪೈಪನ್ನು ತಿನ್ನುತ್ತಿತ್ತು. ಉಪ್ಪು ಒಂದೇ ಆಗಿದ್ದರೆ ಇನ್ನೈದು ವರ್ಷ ತಡೆಯುತ್ತಿತ್ತೇನೋ. ಆದರೆ ಹಾಗೆ ತೆಳ್ಳಗಾದ ಪೈಪಿನ ಮೇಲೆ ನೂಲಿನ ಲಾರಿಗಳು ಓಡಾಡುತ್ತಿದ್ದವು. ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿದರೆ ಮೇಲಿನ ಮಣ್ಣು ನೆನೆದು ಬಿಗಿದುಕೊಳ್ಳುತ್ತದೆ. ಆಗ ಸೋರಿದ ಗ್ಯಾಸು ಮೇಲಕ್ಕೆ ಹೋಗಲಾರದೆ ಹಳೆಯ ಚರಂಡಿ ಹಿಡಿದು ನಡೆಯುತ್ತದೆ. ಆ ಚರಂಡಿ ಹಾದುಹೋಗುವುದು ಮೊದಲಾಳಿಯ ಕೋಣೆಯ ಅಡಿಯಲ್ಲಿ. ಆ ಕೋಣೆ ಎರಡು ಮೆಟ್ಟಿಲು ತಗ್ಗಿನಲ್ಲಿತ್ತು, ಗಾಳಿಗಿಂತ ಭಾರದ ಗ್ಯಾಸು ಅಲ್ಲೇ ತುಂಬಿ ನಿಲ್ಲುತ್ತದೆ. ಬೀದಿಯ ತುಂಬ ಬ್ಲೀಚಿಂಗ್ ಪುಡಿಯ ಘಾಟು ಇರುವಾಗ ಗ್ಯಾಸಿನ ವಾಸನೆಯನ್ನು ಮೂಸಿ ಹಿಡಿಯುವ ಮೂಗು ತಿರುಪ್ಪೂರಿನಲ್ಲಿ ಹುಟ್ಟಿಲ್ಲ.

ಅವನು ಮಾಡಿದ್ದನ್ನೆಲ್ಲ ಹಗಲು ಹೊತ್ತಿನಲ್ಲೇ ಮಾಡಿದ, ಮಾಡಿದ್ದಕ್ಕೆಲ್ಲ ಹೊಗಳಿಸಿಕೊಂಡ. ಬೀದಿಯ ಆ ತುದಿಯಲ್ಲಿ ಕೆಸರಿದೆ, ಇಲ್ಲೇ ತಿರುಗಿಸಿಕೊಳ್ಳಿ ಎಂದು ಕೈಬೀಸಿ ಲಾರಿಗಳನ್ನು ಜಾಯಿಂಟಿನ ಮೇಲೇ ತಿರುಗಿಸಿದ. ಡ್ರೈವರುಗಳು ಬೀಡಿ ಕೊಟ್ಟರು. ಕೆಲಸದವರು ಊಟಕ್ಕೆ ಬಿಸಿಲಲ್ಲಿ, ಮಳೆಯಲ್ಲಿ ಕೂರುತ್ತಾರೆಂದು ಬೀದಿಯ ಈಚೆ ತಗಡಿನ ಚಪ್ಪರ ಹಾಕಿಸಿದ. ಒಂದು ಗಂಟೆಗೆ ಎಲ್ಲರೂ, ರಾಮಾಯಿ ಸಹ, ಅಲ್ಲಿಗೆ ಬಂದು ಬುತ್ತಿ ಬಿಚ್ಚತೊಡಗಿದರು. ಮತ್ತೊಬ್ಬರ ಕೂದಲೂ ಕೊಂಕಬಾರದು. ಅದರಲ್ಲಿ ಅವನು ಬಹಳ ಕಟ್ಟುನಿಟ್ಟು. ಆಚೆ ಉಳಿಯುತ್ತಿದ್ದವನು ಮಯಿಲ್‌ಸಾಮಿ ಒಬ್ಬನೇ. ಮಳೆಗೆ ಕಡತ ನೆನೆಯುತ್ತದೆಂದು ಕಿಟಕಿ ಮುಚ್ಚಿ, ಉಂಡು, ಒಂದೂವರೆಗೆ ಹೊಗೆಸೊಪ್ಪಿನ ಸುರುಟ್ಟು ಹಚ್ಚಿ ಸೇದುವುದು ಅವನ ರೂಢಿ.

ಉಳಿದದ್ದು ನಾಲ್ಕನೆಯ ಕಾರಣ, ಒತ್ತಡ. ಶೆಡ್ಡಿನೊಳಗಿನ ಹಿತ್ತಾಳೆ ರೆಗ್ಯುಲೇಟರಿಗೆ ಎರಡು ಕಿವಿಯ ತಿರುಪೊಂದಿತ್ತು. ಒತ್ತಡ ತೋರಿಸುವ ಮುಳ್ಳು ವರ್ಷದಿಂದ ಒಂದೇ ಕಡೆ ಕಚ್ಚಿಕೊಂಡಿತ್ತು. ಅದನ್ನೂ ಅವನು ಕಾಗದದಲ್ಲಿ ಬರೆದಿದ್ದ. ತಿರುಪನ್ನು ಒಂದೂವರೆ ಸುತ್ತು ಹಾಕಿದರೆ ಸಾಕು ಎಂದು ಅವನ ಲೆಕ್ಕ. ಎರಡು ಸುತ್ತಾದರೆ ಉರಿ ಎತ್ತರವಾಗಿ ಯಂತ್ರದವರಿಗೆ ತಿಳಿಯುತ್ತದೆ, ಒಂದಾದರೆ ಪೈಪು ತಡೆಯುತ್ತದೆ. ಒಂದೂವರೆಗೆ ಇನ್ನೊಂದು ಅನುಕೂಲವೂ ಇತ್ತು. ಎರಡು ಕಿವಿಗಳೂ ಮೊದಲು ನಿಂತಿದ್ದ ಹಾಗೇ ಅಡ್ಡಡ್ಡಕ್ಕೆ ಬಂದು ನಿಲ್ಲುತ್ತವೆ. ನೋಡಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಒಳಗಿನ ಸ್ಪ್ರಿಂಗು ಸೋತು ಒತ್ತಡ ತಾನಾಗಿ ಏರಿತು ಎಂದುಕೊಳ್ಳುತ್ತಾರೆ.

ಮೂರು ದಿನ ಬಿಡದೆ ಮಳೆ ಹೊಯ್ದ ಮೇಲೆ, ಗುರುವಾರ ಬೆಳಿಗ್ಗೆ ಎಂಟಕ್ಕೆ, ಎರಡೇ ಬೆರಳಿನಲ್ಲಿ ಕಿವಿ ಹಿಡಿದು ತಿರುಗಿಸಿದ. ಆ ಊರಿನಲ್ಲಿ ನಿಂತದ್ದರ ಮೇಲೆಲ್ಲ ಹತ್ತಿಯ ಜುಂಗು ಕೂರುತ್ತದೆ. ರೆಗ್ಯುಲೇಟರಿನ ಮೇಲೂ ದಪ್ಪಗೆ ಕೂತಿತ್ತು. ತಿರುಗಿಸಿದಲ್ಲಿ ಅದು ಕಿತ್ತದ್ದು ಕಂಡು, ಮೂಲೆಯಿಂದ ಒಂದು ಚಿಟಿಕೆ ಜುಂಗು ತಂದು ಉದುರಿಸಿ ಊದಿದ. ತನ್ನ ಕೆಲಸದ ಅಚ್ಚುಕಟ್ಟು ಕಂಡು ಅವನಿಗೇ ಸಂತೋಷವಾಯಿತು.

ಚಪ್ಪರದಲ್ಲಿ ಎಲ್ಲರ ನಡುವೆ ಕೂತು ಮೊಸರನ್ನ ಉಣ್ಣುತ್ತಿದ್ದಾಗ ಸದ್ದು ಕೇಳಿತು. ಅಂದುಕೊಂಡಷ್ಟು ದೊಡ್ಡ ಸದ್ದಲ್ಲ. ಮೊದಲಾಳಿಯ ಕೋಣೆಯ ಹೆಂಚುಗಳು ಎದ್ದು ಬಿದ್ದವು. ಎಲ್ಲರಿಗಿಂತ ಮೊದಲು ಓಡಿದವನು ಗೋಪಾಲಸಾಮಿಯೇ. ಮಯಿಲ್‌ಸಾಮಿ ಅವನ ಮುಖ ನೋಡಿ, "ಗೋಪಾಲು, ಉರೀತದೋ" ಎಂದ, ಕನ್ನಡದಲ್ಲಿ. ಸಂಜೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಗೋಪಾಲಸಾಮಿಗೆ ಅಳು ಬಂತು. ಅದು ನಟನೆಯಾಗಿರಲಿಲ್ಲ, ಹಾಗಾಗಿ ಅವನು ಹೆದರಿದ.

ಮುಂದಿನ ವಾರ ಬಂದದ್ದು ಅದೇ ಇನ್‌ಸ್ಪೆಕ್ಟರು. ರಸ್ತೆ ಅಗೆಸಿದರು, ಪೈಪು ನೋಡಿದರು, ಗೋಪಾಲಸಾಮಿ ಕೊಟ್ಟ ನಕಲುಗಳನ್ನು ಎರಡೆರಡು ಸಲ ಓದಿದರು. ಉಪ್ಪುನೀರು, ಲಾರಿ, ಮಳೆ, ಸೋತ ಸ್ಪ್ರಿಂಗು ಎಂದು ಒಂದೊಂದಾಗಿ ಬರೆದುಕೊಂಡರು. ಅವನ ಮನಸ್ಸನ್ನೇ ನೋಡಿಕೊಂಡು ಬರೆದಂತಿತ್ತು. ಕೊನೆಗೆ ಸುತ್ತ ನಿಂತ ಜನರಿಗೆಲ್ಲ ಕೇಳುವಂತೆ, "ಮೇಸ್ತ್ರಿ, ಅವತ್ತು ನಿಮ್ಮ ಮೇಲೆ ತಪ್ಪು ಬರೆದೆ. ಮನ್ನಿಸಬೇಕು" ಎಂದರು. ಟೀ ಅಂಗಡಿಯವನೂ ಆ ಗುಂಪಿನಲ್ಲಿದ್ದ. ಗೋಪಾಲಸಾಮಿ ತಲೆ ತಗ್ಗಿಸಿ, "ಅವನು ನನ್ನ ಗೆಳೆಯ ಸಾರ್. ಬದುಕಿದ್ದಾಗ ಹೇಗೆ ಬಿಟ್ಟುಕೊಡಲಿ?" ಎಂದ.

ರೆಗ್ಯುಲೇಟರಿನ ನಂಬರು ಬರೆದುಕೊಳ್ಳುವುದೊಂದು ಬಾಕಿ ಇತ್ತು. ಶೆಡ್ಡಿನ ಬೀಗವನ್ನು ಗೋಪಾಲಸಾಮಿಯೇ ತೆಗೆದ, ಕೀಲಿ ಇದ್ದದ್ದು ಅವನ ಬಳಿ ಮತ್ತು ಸತ್ತ ಮೊದಲಾಳಿಯ ಬಳಿ ಮಾತ್ರ. ನಂಬರು ಕಾಣದಷ್ಟು ಜುಂಗು ಕೂತಿದ್ದರಿಂದ ಇನ್‌ಸ್ಪೆಕ್ಟರು ರಾಮಾಯಿಯನ್ನು ಕೂಗಿದರು. ಅವಳು ಎಡಗೈಯಲ್ಲಿ ಪೊರಕೆ ಹಿಡಿದು, ಸಿಲಿಂಡರುಗಳಿಂದ ಹಿಡಿದು ಸಾಲಾಗಿ ಗುಡಿಸುತ್ತ ಬಂದಳು. ಗುಡಿಸಿದಲ್ಲೆಲ್ಲ ಜುಂಗಿನಡಿಯಿಂದ ಹಳದಿಯ ಗೆರೆಗಳು ಎದ್ದುಬಂದವು, ನಡುವೆ ಕುಂಕುಮದ ಬೊಟ್ಟು. ರೆಗ್ಯುಲೇಟರಿನ ಬಳಿ ಅವಳ ಕೈ ನಿಂತಿತು. "ಸಾರ್, ಇದು ಹೀಗಿರಲಿಲ್ಲ" ಎಂದಳು. "ಕೈ ಬೆಂದ ಮೇಲೆ ಈ ಗ್ಯಾಸು ಅಂದ್ರೆ ನಂಗೆ ಜೀವ ನಡುಗ್ತದೆ. ಅದಕ್ಕೇ ಈ ಸಲ ಆಯುಧಪೂಜೆಗೆ ಮೊದಲಾಳಿ ಕೈಲಿ ಬೀಗ ತೆಗೆಸಿ, ಇನ್ಯಾರನ್ನೂ ಸುಡಬೇಡಾಂತ ಬೇಡ್ಕೊಂಡು, ಒಂದೊಂದು ತಿರುಪಿಂದ ಪೈಪಿನವರೆಗೂ ಒಂದೇ ಗೆರೆ ಗಂಧ ಎಳೆದೆ. ಮೇಸ್ತ್ರಿ ಬರಲಿಲ್ಲ, ಕೋಪ ಮಾಡ್ಕೊಂಡು ಊರಿಗೆ ಹೋಗಿದ್ರು. ಅವರ ಬದಲು ನೀನೇ ಹಚ್ಚು ಅಂದ್ರು ಮೊದಲಾಳಿ." ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಸಾಲಿನ ಬೇರೆಲ್ಲ ತಿರುಪುಗಳಲ್ಲಿ ಒಣಗಿದ ಗಂಧದ ಗೆರೆ ಆ ತುದಿಯಿಂದ ಈ ತುದಿಗೆ ನೆಟ್ಟಗೆ ಹೋಗಿತ್ತು. ರೆಗ್ಯುಲೇಟರಿನಲ್ಲಿ ಮಾತ್ರ ಅರ್ಧ ಗೆರೆ ಹಿತ್ತಾಳೆಯ ಮೇಲ್ಭಾಗದಲ್ಲಿ ಉಳಿದಿತ್ತು, ಇನ್ನರ್ಧ ತಿರುಪಿನ ಜೊತೆ ಸುತ್ತಿ ಅಡಿಭಾಗಕ್ಕೆ ಹೋಗಿತ್ತು.